ನಾಗರಾಜನ ಪರವಾಗಿ ಏಳು ಬಲೂನು

ಕಣ್ಣಾರೆ ಕಂಡೆ ಎಂದು ಮಾತು ಆರಂಭಿಸುವವರ ಮುಂದೆ ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಇದು ಹಳೆಯ ಅಭ್ಯಾಸ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೋಲಾರದ ಕಡೆ ಗಣಿಯೊಂದರಲ್ಲಿ ವೈರ್‌ಮನ್ ಆಗಿದ್ದಾಗ, ಕೆಲಸ ನಿಂತುಹೋಗಿದ್ದ ಸುರಂಗದಲ್ಲಿ ದೀಪವೊಂದು ತಾನಾಗಿಯೇ ನಡೆದಾಡುತ್ತದೆಂದು ಹನ್ನೊಂದು ಮಂದಿ ಆಣೆಯಿಟ್ಟು ಹೇಳಿದ್ದರು. ಸತ್ತ ಕೂಲಿಯಾಳಿನ ಆತ್ಮವೆಂದು ತೀರ್ಮಾನವಾಗಿ, ಕೋಳಿ ಕುಯ್ದು, ಸುರಂಗದ ಬಾಯಿಗೆ ಕುಂಕುಮ ಬಳಿದದ್ದೂ ಆಗಿತ್ತು. ನಾನು ಹೋಗಿ ಒಂದು ಪಾಳಿ ಪೂರ್ತಿ ಕಾದು ಕುಳಿತೆ. ಬಂದದ್ದು ನಮ್ಮ ಮೇಸ್ತ್ರಿ. ತಲೆಯ ಮೇಲೆ ದೀಪ, ತುಟಿಯಲ್ಲಿ ಕದ್ದು ಸೇದುವ ಬೀಡಿ. ಆ ಕೋಳಿಯ ತೊಡೆಯ ತುಂಡನ್ನು ತಿಂದವನೂ ಅವನೇ. ಅಂದಿನಿಂದ ಸಾಕ್ಷಿಗಳ ಸಂಖ್ಯೆಗೆ ಬೆಲೆ ಕೊಡುವುದನ್ನು ಬಿಟ್ಟೆ.

ಎಸ್ಸೆಸ್ಸೆಲ್ಸಿಯ ಆಚೆಗೆ ನನ್ನನ್ನು ಯಾರೂ ಓದಿಸಲಿಲ್ಲ. ಓದಿಕೊಂಡದ್ದು ನಾನೇ, ಮೊದಲು ಗಣಿಯ ಕ್ಲಬ್ಬಿನ ಗೆದ್ದಲು ಹಿಡಿದ ಕಪಾಟಿನಿಂದ, ಸಿಡ್ನಿಗೆ ಬಂದ ಮೇಲೆ ಎಪ್ಪಿಂಗ್‌ನ ಗ್ರಂಥಾಲಯದಿಂದ. ಗುರುವಿಲ್ಲದ ವಿದ್ಯೆಯ ದೊಡ್ಡ ಲಾಭವೆಂದರೆ, ನಾವು ತಪ್ಪಿದಾಗ ಹಾಗೆಂದು ಹೇಳುವವರು ಯಾರೂ ಇರುವುದಿಲ್ಲ. ಮನೆಯಲ್ಲಿ ಹೆಂಡತಿಯಿದ್ದಳು, ನಿಜ. ಆದರೆ ಆಕೆಯ ಮಾತನ್ನು ನಾನು ಪುರಾವೆಯೆಂದು ಪರಿಗಣಿಸುತ್ತಿರಲಿಲ್ಲ.

ರೈಲುಡಬ್ಬಿಗಳ ದುರಸ್ತಿ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವನು ಲಾವೋಸ್ ದೇಶದವನು. ಸೌಮ್ಯ ಮನುಷ್ಯ, ಸುಟ್ಟ ಮೋಟಾರನ್ನೂ ರೋಗಿಯಂತೆ ಮುಟ್ಟಿ ನೋಡುವವನು. ನನ್ನನ್ನು ‘ಆಯ್’ ಎಂದು ಕರೆಯುತ್ತಿದ್ದ; ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ನಮ್ಮಿಬ್ಬರ ಸಂಭಾಷಣೆ ನಡೆಯುತ್ತಿದ್ದುದು ಶೆಡ್ಡಿನ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ; ಅದು ಮೂಲಕ್ಕಿಂತ ಹೆಚ್ಚು ವ್ಯಾಕರಣಬದ್ಧವಾಗಿ ಕಂಡರೆ ಕ್ಷಮೆಯಿರಲಿ.

ಅವನ ಹುಟ್ಟೂರು ಮೆಕಾಂಗ್ ನದಿಯ ದಂಡೆಯಲ್ಲಿತ್ತು. ಬೌದ್ಧ ಭಿಕ್ಷುಗಳು ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ವ್ರತ, ವರ್ಷಾವಾಸ, ಮುಗಿಯುವ ಹುಣ್ಣಿಮೆಯ ಸಂಜೆ ಆ ನದಿಯ ನೀರಿನಿಂದ ಕೆಂಪು ಬೆಳಕಿನ ಉಂಡೆಗಳು ಏಳುತ್ತವೆಂದೂ, ಸದ್ದಿಲ್ಲದೆ ನೇರವಾಗಿ ಮೇಲೇರಿ ಆರಿಹೋಗುತ್ತವೆಂದೂ ಅವನು ಪ್ರತಿ ಅಕ್ಟೋಬರಿನಲ್ಲಿ ತಪ್ಪದೆ ಹೇಳುತ್ತಿದ್ದ. ನದಿಯ ತಳದಲ್ಲಿ ನಾಗರಾಜನಿದ್ದಾನೆ, ಮಳೆಗಾಲದ ಮೂರು ತಿಂಗಳು ಸ್ವರ್ಗದಲ್ಲಿ ತಾಯಿಗೆ ಧರ್ಮವನ್ನು ಬೋಧಿಸಿದ ಬುದ್ಧ ಭೂಮಿಗೆ ಇಳಿದು ಬಂದ ದಿನ ನಾಗಗಳು ನೀರಿನೊಳಗಿಂದ ದೀಪವೆತ್ತಿ ಸ್ವಾಗತಿಸಿದವು, ಇಂದಿಗೂ ಸ್ವಾಗತಿಸುತ್ತಿವೆ ಎಂಬುದು ಅವನ ನಂಬಿಕೆ.

“ಹಾವಿಗೆ ಪಂಚಾಂಗ ಯಾರು ಓದಿ ಹೇಳುತ್ತಾರೆ?” ಎಂದು ನಾನು ಕೇಳುತ್ತಿದ್ದೆ.

“ನಿಮ್ಮ ಹಾವಿಗೆ ಪಂಚಮಿ ಬಂತೆಂದು ಯಾರು ಹೇಳುತ್ತಾರೋ ಅವರೇ, ಆಯ್,” ಎಂದು ಅವನು ತಲೆಯೆತ್ತದೆ ಉತ್ತರಿಸುತ್ತಿದ್ದ.

ಅದು ಅವನಿಗೆ ಗೊತ್ತಿದ್ದದ್ದು ನನ್ನ ಹೆಂಡತಿಯಿಂದ. ನಾಗರಪಂಚಮಿ ಇಲ್ಲಿ ಕೊರೆಯುವ ಚಳಿಗಾಲದಲ್ಲಿ ಬೀಳುತ್ತದೆ. ಹುತ್ತವಿಲ್ಲದ, ಅರಳಿಮರದ ಕಟ್ಟೆಯಿಲ್ಲದ ಎಪ್ಪಿಂಗ್‌ನ ಮೂರನೆಯ ಮಹಡಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ ತಟ್ಟೆಯೊಂದನ್ನಿಟ್ಟು, ಬೆರಳುದ್ದದ ಬೆಳ್ಳಿಯ ನಾಗಪ್ಪನಿಗೆ ಆಕೆ ಫ್ರಿಜ್ಜಿನ ಹಾಲಿನಿಂದ ತನಿ ಎರೆಯುತ್ತಿದ್ದಳು. ಶೀತವಾದೀತೆಂದು ಹಾಲನ್ನು ಮೊದಲು ಮೈಕ್ರೋವೇವಿನಲ್ಲಿ ಬೆಚ್ಚಗೆ ಮಾಡಿ. ಮಾರನೆಯ ದಿನ ಉಳಿದ ಚಿಗಳಿ, ತಂಬಿಟ್ಟನ್ನು ನಾನು ಶೆಡ್ಡಿಗೆ ಒಯ್ಯುತ್ತಿದ್ದೆ. ಅವನು ತಿಂದು, ‘ನಾಗನ ಊಟ’ ಎಂದು ಕೈಮುಗಿಯುತ್ತಿದ್ದ.

ಸಿಡ್ನಿಯ ಒಲಿಂಪಿಕ್ಸ್ ಮುಗಿದು ಕೆಲವು ವರ್ಷಗಳಾಗುವ ಹೊತ್ತಿಗೆ ಈ ಬೆಳಕಿನ ಉಂಡೆಗಳು ಜಗತ್ಪ್ರಸಿದ್ಧವಾದವು. ಟಿವಿಯಲ್ಲಿ ಬಂದವು; ಇಮೇಲಿನಲ್ಲಿ ಒಬ್ಬರಿಂದೊಬ್ಬರಿಗೆ ಹಾರಿದವು; ಕೊನೆಗೆ ನಗರದಂಚಿನ ರೌಸ್ ಹಿಲ್‌ನಲ್ಲಿ ನಮ್ಮವರೊಬ್ಬರ ಹೊಸಮನೆಯ ಗೃಹಪ್ರವೇಶದ ಪಂಕ್ತಿಗೂ ಬಂದು ಕುಳಿತವು. ಮೈಸೂರಿನ ಹಿರಿಯರೊಬ್ಬರು ಪಾಯಸದ ಬಟ್ಟಲು ಹಿಡಿದು, ಎಲ್ಲವೂ ನಮ್ಮ ಪಾತಾಳಲೋಕದ ವಿಚಾರವೇ, ಆ ದೇಶದವರು ನಮ್ಮಿಂದ ಎತ್ತಿಕೊಂಡದ್ದು ಎಂದು ಪ್ರವಚನ ಕೊಟ್ಟರು. ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಆರು ತಿಂಗಳಾಗಿದ್ದ ಸಾಫ್ಟ್‌ವೇರ್ ಯುವಕ ನಕ್ಕ.

“ಅಂಕಲ್, ತುಂಬಾ ಸಿಂಪಲ್. ಮೀಥೇನ್. ನದಿ ಬಾಟಮ್‌ನಲ್ಲಿ ಕೊಳೆತಿರುತ್ತಲ್ಲ, ಗ್ಯಾಸ್ ಮೇಲೆ ಬಂದು ಹತ್ತಿಕೊಳ್ಳುತ್ತೆ. ಸೈನ್ಸ್ ಪ್ರೂವ್ ಮಾಡಿಬಿಟ್ಟಿದೆ.”

“ಹತ್ತಿಸೋದು ಯಾರಪ್ಪ?”

“ಅದು… ಆಟೋಮ್ಯಾಟಿಕ್, ಅಂಕಲ್.”

ಒಬ್ಬರಿಗೆ ಪಾತಾಳ, ಇನ್ನೊಬ್ಬನಿಗೆ ಆಟೋಮ್ಯಾಟಿಕ್. ಇಬ್ಬರೂ ತಮ್ಮ ಜ್ಞಾನವನ್ನು ಪಡೆದದ್ದು ಒಂದೇ ಇಮೇಲಿನ ಎರಡು ಪ್ಯಾರಾಗಳಿಂದ. ನಾನು ಹಾಗೆ ಬಿಡುವವನಲ್ಲ. ಮನೆಗೆ ಬಂದು ಬಾಲ್ಕನಿಯಲ್ಲಿ ಮುಚ್ಚಳವಿರುವ ಬಕೆಟ್ಟಿನಲ್ಲಿ ಕೆರೆಯ ಕೆಸರು, ಕೊಳೆತ ಸೊಪ್ಪು, ಮೀನಿನ ತಲೆಗಳನ್ನು ಹಾಕಿ ಆರು ವಾರ ಕಾದೆ. ಮೀಥೇನು ತಾನಾಗಿ ಹೊತ್ತಿಕೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಆರನೆಯ ವಾರ ಬಕೆಟ್ಟಿನಿಂದ ಏನೂ ಏಳಲಿಲ್ಲ. ಕೆಳಗಿನ ಮನೆಯ ಚೀನೀ ಅಜ್ಜಿ ಮೂಗು ಮುಚ್ಚಿಕೊಂಡು ಎದ್ದು ಬಂದರು. ಹೀಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ನಾಗರಾಜ ಮತ್ತು ಮೀಥೇನು ಇಬ್ಬರ ಮೇಲೂ ಅಡ್ಡಗೆರೆ ಬಿತ್ತು. ‘ಹೇಳಿದವರು’, ‘ಕಂಡದ್ದು’, ‘ಕಾರಣ’ ಎಂದು ಮೂರು ಕಾಲಮ್ಮುಗಳಿದ್ದ ಆ ನೋಟ್‌ಬುಕ್ಕಿನಲ್ಲಿ, ‘ಕಾರಣ’ದ ಕೆಳಗೆ ಬರೆದೆ: ನೋಡುವವರ ಆಸೆ. ಯಾವ ಕೆಂಪು ದೀಪವನ್ನು ತೋರಿಸಿದರೂ ಅವರು ನಾಗನನ್ನೇ ಕಾಣುತ್ತಾರೆ.

ಅದನ್ನು ರುಜುವಾತು ಮಾಡುವ ಅವಕಾಶ ತಾನಾಗಿ ಒದಗಿತು. ನಾವಿಬ್ಬರೂ ನಿವೃತ್ತರಾಗಿದ್ದ ವರ್ಷ, ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಹೆಂಡತಿ ಬೇಳೆ ಆರಿಸುತ್ತಿದ್ದಾಗ, ಹೊರಗೆ ಬೆಂಚಿನ ಮೇಲೆ ಕುಳಿತು ಸ್ನೇಹಿತ ತನ್ನ ಕಷ್ಟವನ್ನು ತೋಡಿಕೊಂಡ. ಅವನ ಅಕ್ಕ ಮೆಲ್ಬರ್ನಿನಲ್ಲಿದ್ದಳು. ಎಪ್ಪತ್ತೆಂಟು ವರ್ಷ, ಹೃದಯದ ಕವಾಟ ಸೋರುತ್ತಿತ್ತು. ಮುಂದಿನ ವರ್ಷ ಊರಿಗೆ ಹೋಗಿ ನದಿಯ ಬೆಳಕನ್ನು ಇನ್ನೊಮ್ಮೆ ನೋಡಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು. ವಿಮಾನ ಹತ್ತಿದರೆ ಇಳಿಯುವ ಖಾತರಿಯಿಲ್ಲವೆಂದು ಡಾಕ್ಟರು ಹೇಳಿದ್ದರು. ತಂದೆತಾಯಿಗಳಿಲ್ಲದ ಅವನನ್ನು ಸಾಕಿದವಳು ಆಕೆ.

“ಆಯ್, ನೀನು ಕರೆಂಟಿನವನು. ಇಲ್ಲೇ ಒಂದು ಬೆಳಕು ಮಾಡಿಕೊಡು. ಮೆಲ್ಬರ್ನಿನ ನದಿಯಲ್ಲಿ ಎದ್ದರೆ, ನಾಗ ಇಲ್ಲಿಗೇ ಬಂದನೆಂದು ತಿಳಿದು ಟಿಕೆಟ್ ಬಿಟ್ಟುಬಿಡುತ್ತಾಳೆ.”

“ನಂಬುವವನು ನೀನು. ಮೋಸ ಮಾಡು ಎನ್ನುವವನೂ ನೀನೇ.”

“ನಂಬುವುದು ಬೇರೆ. ಅಕ್ಕ ಬೇರೆ.”

ಉಪಕಾರದ ವೇಷದಲ್ಲಿ ನನ್ನ ಸಿದ್ಧಾಂತಕ್ಕೊಂದು ಪರೀಕ್ಷೆ ಸಿಕ್ಕಿತ್ತು. ಒಪ್ಪಿಕೊಂಡೆ. ಕೆಂಪು ಎಲ್ಇಡಿಗಳಿಗೆ ಗುಂಡಿಯಾಕಾರದ ಸೆಲ್ ಬೆಸುಗೆ ಹಾಕಿ, ಹೀಲಿಯಂ ತುಂಬಿದ ಬಿಳಿಯ ಬಲೂನುಗಳ ಒಳಗಿಟ್ಟರೆ, ಮುಸ್ಸಂಜೆಯಲ್ಲಿ ಅವು ಅಂಗೈಯಗಲದ ಕೆಂಡದಂತೆ ಕಾಣುತ್ತಿದ್ದವು. ಪ್ರತಿಯೊಂದಕ್ಕೂ ಗಾಳದ ತೆಳ್ಳನೆಯ ನೂಲು. ಕೆಲಸ ಮುಗಿದ ಮೇಲೆ ಎಳೆದುಕೊಳ್ಳಬಹುದು. ನದಿಯನ್ನು ಗಲೀಜು ಮಾಡುವವನಲ್ಲ ನಾನು.

ಹೆಂಡತಿಗೆ ತಿಳಿದಾಗ ಆಕೆ ದೋಸೆ ಮಗುಚುವುದನ್ನು ನಿಲ್ಲಿಸಿದಳು.

“ನಾಗಪ್ಪನ ಹೆಸರಲ್ಲಿ ಸುಳ್ಳು ಆಟ ಆಡ್ತಾರೇನ್ರೀ? ಮೈಮೇಲೆ ಏಳುತ್ತೆ ನೋಡಿ.”

“ಏನು ಏಳುತ್ತೆ?”

“ಗಂಧೆ. ಆಮೇಲೆ ನನ್ನ ಕೇಳ್ಬೇಡಿ.”

ಆದರೂ ಅಕ್ಟೋಬರಿನಲ್ಲಿ ಮೆಲ್ಬರ್ನಿಗೆ ಕಾರಿನಲ್ಲಿ ನಮ್ಮ ಜೊತೆ ಹೊರಟಳು. ಬಲೂನಿನ ಪರವಾಗಿ ಪ್ರಾಯಶ್ಚಿತ್ತ ಮಾಡಲು ಯಾರಾದರೂ ಬೇಕಲ್ಲ ಎಂಬುದು ಆಕೆಯ ವಾದ.

ಪ್ರಾಯಶ್ಚಿತ್ತ ಹುಣ್ಣಿಮೆಯ ಬೆಳಿಗ್ಗೆಯೇ ನಡೆದುಹೋಯಿತು. ಮೆಲ್ಬರ್ನಿನ ಹೊರವಲಯದಲ್ಲಿ ಅವರದೊಂದು ಬೌದ್ಧ ವಿಹಾರವಿತ್ತು. ಮೆಟ್ಟಿಲುಗಳ ಎರಡು ಬದಿಗೂ ಕೈಗಂಬಿಯ ಬದಲು ಎರಡು ಉದ್ದನೆಯ ನಾಗಗಳು. ಹಬ್ಬಕ್ಕೆಂದು ಹೊಸದಾಗಿ ಚಿನ್ನದ ಬಣ್ಣ ಬಳಿದಿದ್ದರು. ಸ್ನೇಹಿತ ನನಗೆ ಅಲ್ಲಿಯ ಕಥೆಯೊಂದನ್ನು ಹೇಳುತ್ತ ನಿಂತಿದ್ದ: ನಾಗನೊಬ್ಬ ಮನುಷ್ಯನ ವೇಷದಲ್ಲಿ ಬಂದು ಭಿಕ್ಷುವಾಗಿದ್ದನಂತೆ, ನಿದ್ದೆಯಲ್ಲಿ ವೇಷ ಕಳಚಿ ಸಿಕ್ಕಿಬಿದ್ದನಂತೆ, ಅಂದಿನಿಂದ ದೀಕ್ಷೆ ಬಯಸಿ ಬಂದವರನ್ನು ‘ನೀನು ಮನುಷ್ಯನೇ?’ ಎಂದು ಕೇಳಿಯೇ ಸೇರಿಸಿಕೊಳ್ಳುತ್ತಾರಂತೆ. ಬಹಳ ವಿವೇಕದ ಪ್ರಶ್ನೆ, ನಮ್ಮ ಕನ್ನಡ ಸಂಘಗಳ ಚುನಾವಣೆಯಲ್ಲೂ ಕೇಳಬೇಕು, ಎನ್ನುತ್ತ ತಿರುಗಿ ನೋಡಿದೆ. ಹೆಂಡತಿ ಎಡಗಡೆಯ ನಾಗನ ಹೆಡೆಯ ಮೇಲೆ ಎರಡು ಲೀಟರಿನ ಕ್ಯಾನಿನಿಂದ ತನಿ ಎರೆದು ಮುಗಿಸಿ, ಅರಿಶಿನ ಕುಂಕುಮ ಹಚ್ಚಿ, ಬಲಗಡೆಯವನತ್ತ ಹೊರಟಿದ್ದಳು. ಹೊಸ ಚಿನ್ನದ ಮೇಲೆ ಹಳದಿ ಹಾಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.

ಹಾವಿನ ಆಕಾರ ಕಂಡಲ್ಲಿ ಹಾಲು ಸುರಿಯುವ ಈ ಧೈರ್ಯ ಭೂಮಿಯ ಮೇಲೆ ನಮ್ಮವರಿಗೆ ಮಾತ್ರ ಇದೆ. ಅದು ಅವರಿಗೆ ದೇವರಲ್ಲ, ಬಾಗಿಲು ಕಾಯುವವನು. ಪೊಲೀಸ್ ಪೇದೆಗೆ ಅಭಿಷೇಕ ಮಾಡಿದಂತೆ. ಎಳೆಯ ಭಿಕ್ಷುವೊಬ್ಬ ನೀರಿನ ಪೈಪು ಎಳೆದುಕೊಂಡು ಓಡಿಬಂದ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಮೆಟ್ಟಿಲಿನ ಮೇಲೆ ಕುಳಿತಿದ್ದ ಗಿಡ್ಡನೆಯ ಮುದುಕಿಯೊಬ್ಬಳು ಏನೋ ಹೇಳಿ ಅವನನ್ನು ತಡೆದಳು. ಸ್ನೇಹಿತ ಅನುವಾದಿಸಿದ.

“ನನ್ನ ಅಕ್ಕ. ‘ತೊಳೆಯಬೇಡ. ಮೂರು ತಿಂಗಳು ಉಪವಾಸವಿದ್ದಾನೆ, ಕುಡಿಯಲಿ’ ಎನ್ನುತ್ತಿದ್ದಾಳೆ.”

ಆಕೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಒಬ್ಬಳು ಲಾವೋ ಭಾಷೆಯಲ್ಲಿ, ಇನ್ನೊಬ್ಬಳು ಕನ್ನಡದಲ್ಲಿ, ಮಧ್ಯಾಹ್ನದವರೆಗೂ ಮಾತಾಡಿದರು. ಏನು ಮಾತಾಡಿದಿರಿ ಎಂದರೆ, ‘ಮಂಡಿನೋವು’ ಎಂದಳು ನಮ್ಮವಳು.

ಅಕ್ಕನ ಮನೆಯ ಹತ್ತಿರವೇ ನದಿ. ಪ್ರತಿ ವರ್ಷ ಆ ಸಂಜೆ ಬಾಳೆಯ ಸಿಂಬೆಯಲ್ಲಿ ಮೇಣದ ಬತ್ತಿ ಹೊತ್ತಿಸಿ ತೇಲಿಬಿಡುವುದು ಆಕೆಯ ಪದ್ಧತಿ. ಸೂರ್ಯ ಇಳಿದದ್ದೇ ತಡ, ನಾನು ಸ್ವಲ್ಪ ದೂರದ ಜೊಂಡಿನಲ್ಲಿ, ಪಾದ ಮುಳುಗುವ ಕೆಸರಿನಲ್ಲಿ, ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತೆ. ಆಕೆಯ ಸಿಂಬೆ ನೀರಿಗಿಳಿದ ಕೂಡಲೇ ಮೊದಲನೆಯ ಬಲೂನನ್ನು ಬಿಟ್ಟೆ.

ಚೆನ್ನಾಗಿಯೇ ಎದ್ದಿತು. ಎರಡನೆಯದು, ಮೂರನೆಯದು. ವ್ಯಾಯಾಮಕ್ಕೆಂದು ದಂಡೆಯಲ್ಲಿ ಓಡುತ್ತಿದ್ದ ಗಂಡಹೆಂಡಿರಿಬ್ಬರು ನಿಂತು ಬಾಯಿ ತೆರೆದರು. ಇದು ಬೇರೆ ಗ್ರಹದ್ದೆಂದು ಗಂಡ ತೀರ್ಮಾನಿಸಿದ್ದು ನನಗೇ ಕೇಳಿಸಿತು. ನಾಯಿ ಹಿಡಿದ ಮುದುಕನೊಬ್ಬ, ಸೈನ್ಯದವರ ಗುಟ್ಟಿನ ಪರೀಕ್ಷೆ ಎಂದ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ತಾನೇ ಹೀಲಿಯಂ ಸಿಲಿಂಡರನ್ನು ಡಿಕ್ಕಿಗೆ ಎತ್ತಿಟ್ಟಿದ್ದ ನನ್ನ ಸ್ನೇಹಿತ, ನಾಲ್ಕನೆಯದು ಏಳುವ ಹೊತ್ತಿಗೆ ಮಂಡಿಯೂರಿ ನಿಜವಾಗಿಯೇ ಕೈಮುಗಿದಿದ್ದ. ನನ್ನ ಸಿದ್ಧಾಂತ ಇಷ್ಟು ಸಂಪೂರ್ಣವಾಗಿ ಗೆದ್ದದ್ದನ್ನು ನೋಡಲು ಕಣ್ಣೆರಡು ಸಾಲದಾಗಿತ್ತು. ಐದನೆಯದು ನೀಲಗಿರಿ ಮರದ ಕೊಂಬೆಗೆ ಸಿಕ್ಕಿಕೊಂಡು, ನಾಗರಾಜ ಗೂಡು ಕಟ್ಟಲು ಬಂದಂತೆ ಅಲ್ಲೇ ಉರಿಯತೊಡಗಿತು. ಆರು, ಏಳನ್ನು ಬಿಟ್ಟೆ.

ಆಗ ನಗು ಕೇಳಿಸಿತು. ಮುದುಕಿ ನಗುತ್ತಿದ್ದಳು. ಎದೆ ಹಿಡಿದುಕೊಂಡು, ಕವಾಟದ ಬಗ್ಗೆ ಯಾವ ಕಾಳಜಿಯೂ ಇಲ್ಲದೆ. ತಮ್ಮನಿಗೆ ಏನೋ ಹೇಳಿದಳು. ಅವನು ಜೊಂಡಿನತ್ತ ಕೂಗಿದ.

“ಆಯ್, ಬಾ. ‘ಅಲ್ಲಿ ಕುಳಿತವರ ಕಾಲು ಒದ್ದೆಯಾಗಿರುತ್ತದೆ, ಕರೆ’ ಎನ್ನುತ್ತಿದ್ದಾಳೆ.”

ಕೆಸರು ಮೆತ್ತಿದ ಪ್ಯಾಂಟಿನಲ್ಲಿ, ಕೈಯಲ್ಲಿ ಏಳು ನೂಲು ಹಿಡಿದು ಎದ್ದು ಬಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದಳು. ಸ್ನೇಹಿತ ಅನುವಾದಿಸಲು ಸಂಕೋಚಪಟ್ಟ. ಒತ್ತಾಯಿಸಿದ ಮೇಲೆ ಹೇಳಿದ.

“‘ನೀನು ಮನುಷ್ಯನೇ?’”

ಹೌದು ಎಂದೆ. ಬೇರೆ ಉತ್ತರವಿರಲಿಲ್ಲ. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಆಕೆ ನನ್ನ ಕೆಲಸದ ದೋಷಗಳನ್ನು ಹೇಳಿದಳು, ಶೆಡ್ಡಿನ ಇನ್ಸ್‌ಪೆಕ್ಟರನಂತೆ, ಏರುದನಿಯಿಲ್ಲದೆ. ಬೆಳಕು ಗಾಳಿಗೆ ವಾಲಿತು, ನದಿಯದ್ದು ವಾಲುವುದಿಲ್ಲ. ಎಲ್ಲವೂ ಒಂದೇ ಎತ್ತರಕ್ಕೆ ಹೋಗಿ ನಿಂತವು. ಅಂದರೆ ಯಾರೋ ಹಿಡಿದಿದ್ದಾರೆ. ನದಿಯದ್ದು ನಿಲ್ಲುವುದಿಲ್ಲ, ಏರುತ್ತಲೇ ಆರುತ್ತದೆ. ಮತ್ತು ಮರದಲ್ಲಿ ಕೂರುವುದಿಲ್ಲ.

ಇಷ್ಟು ಸೂಕ್ಷ್ಮವಾಗಿ ಹೇಗೆ ಗೊತ್ತು ಎಂದು ಕೇಳಿದೆ. ನನ್ನ ದನಿಯಲ್ಲಿ ಕಹಿಯಿತ್ತು. ಗೆದ್ದ ಪರೀಕ್ಷೆಯಲ್ಲಿ ನಪಾಸಾದವನ ಕಹಿ. ಆಕೆ ಸಿಂಬೆ ತೇಲಿಹೋದ ದಿಕ್ಕನ್ನು ನೋಡುತ್ತ ಮಾತಾಡಿದಳು. ಸ್ನೇಹಿತ ಒಂದೊಂದೇ ವಾಕ್ಯವನ್ನು ನನಗೆ ದಾಟಿಸಿದ.

“ದೇಶ ಬಿಟ್ಟು ಬರುವಾಗ ಆ ನದಿಯನ್ನು ದಾಟಬೇಕಿತ್ತು. ಹನ್ನೊಂದು ಸಂಜೆ ಇಂಥದೇ ಜೊಂಡಿನಲ್ಲಿ ಮಲಗಿ ನೋಡಿದೆ. ಮೀನಿನವರ ದೀಪ ಯಾವುದು, ಕಾವಲು ದೋಣಿಯ ದೀಪ ಯಾವುದು, ಸಿಪಾಯಿಯ ಸಿಗರೇಟು ಯಾವುದು, ನಾಗನದು ಯಾವುದು. ಒಂದನ್ನು ಇನ್ನೊಂದೆಂದು ತಿಳಿದವರು ನೀರಿನಲ್ಲೇ ಉಳಿದರು. ನಾನು ಇವನನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿದೆ, ಆಗಲೇ ದೊಡ್ಡವನಾಗಿದ್ದ, ಈಜು ಬರುತ್ತಿರಲಿಲ್ಲ.”

ಕೊನೆಯ ವಾಕ್ಯವನ್ನು ಅನುವಾದಿಸುವಾಗ ಸ್ನೇಹಿತ ನನ್ನತ್ತ ನೋಡಲಿಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕುಳಿತು ನಾನು ಅವನಿಗೆ ಹಾವಿನ ಪಂಚಾಂಗದ ಬಗ್ಗೆ ಕೇಳಿದ್ದೆನೇ ಹೊರತು ಇದನ್ನು ಕೇಳಿರಲಿಲ್ಲ.

“ಬಲೂನು ಚೆನ್ನಾಗಿದೆ,” ಎಂದಳು ಆಕೆ ಏಳುತ್ತ. “ಆದರೆ ನಾನು ಹೋಗುತ್ತೇನೆ.”

ಸಿಡ್ನಿಗೆ ಮರಳುವ ದಾರಿಯಲ್ಲಿ ನನ್ನ ಮೊಣಕೈವರೆಗೆ ಗಂಧೆ ಎದ್ದಿತು. ಜೊಂಡಿನ ಸೊಳ್ಳೆ ಎಂದು ನಾನು, ನಾಗಪ್ಪ ಎಂದು ಹೆಂಡತಿ. ಐನೂರು ಚಿಲ್ಲರೆ ಮೈಲಿ ಇದೇ ಚರ್ಚೆ. ಹಿಂದಿನ ಸೀಟಿನಲ್ಲಿ ಸ್ನೇಹಿತ, ಅಕ್ಕ ಸಾಯಲು ಹೊರಟಳೆಂಬ ಚಿಂತೆಯಲ್ಲಿ, ಸಿಡ್ನಿ ಹತ್ತಿರವಾಗುವ ಗೌಲ್‌ಬರ್ನ್‌ವರೆಗೂ ಗಾಳದ ನೂಲಿನ ಸಿಕ್ಕು ಬಿಡಿಸುತ್ತ ಕುಳಿತಿದ್ದ.

ಮರುವರ್ಷ ಅಕ್ಕ ಊರಿಗೆ ಹೋದಳು. ವಿಮಾನದಿಂದ ನಡೆದೇ ಇಳಿದಳು. ಹುಣ್ಣಿಮೆಯ ಮಾರನೆಯ ದಿನ ಸ್ನೇಹಿತ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸಿದ. ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಮಳೆ. ಆಚೆ ದಡದಲ್ಲಿ ಕೆಂಪಗೆ ಏನೋ ಮಿನುಗಿದಾಗ ಜನವೆಲ್ಲ ಹೋ ಎಂದು ಎದ್ದು ನಿಂತಿತಂತೆ. ಅಕ್ಕ ಮಾತ್ರ ಕುಳಿತೇ ಇದ್ದು, ‘ಅದು ದೋಣಿ, ಕೂತುಕೊಳ್ಳಿ’ ಎಂದಳಂತೆ. ಪಕ್ಕದವರು ಬೈದರಂತೆ. ಅಂದು ಎದ್ದ ಬೆಳಕು ಎಷ್ಟೆಂದು ಸ್ನೇಹಿತ ಫೋನಿನಲ್ಲಿ ಕೇಳಿದ್ದಕ್ಕೆ ಆಕೆಯ ಉತ್ತರ: ‘ಒಂದೂ ಇಲ್ಲ. ಇಲ್ಲೇ ಊರಿನಲ್ಲಿ ತಂಗಿಯ ಮಗಳ ಮನೆಯಲ್ಲಿ ಇದ್ದು ಮುಂದಿನ ವರ್ಷ ನೋಡುತ್ತೇನೆ.’

ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಕಣ್ಣಾರೆ ಕಾಣಲಿಲ್ಲ ಎಂದು ಹೇಳಬಲ್ಲ ಭಕ್ತೆಯನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಕಂಡಿದ್ದೆ. ಮೂವತ್ತು ವರ್ಷ ಕಾದು, ಪ್ರಾಣ ಪಣಕ್ಕಿಟ್ಟು ಹೋಗಿ, ಒಂದೂ ಇಲ್ಲ ಎಂದವಳು. ನೋಟ್‌ಬುಕ್ಕಿನಲ್ಲಿ ‘ಹೇಳಿದವರು’ ಎಂಬ ಕಾಲಮ್ಮಿನಲ್ಲಿ ಆಕೆಯನ್ನು ದಾಖಲಿಸಿ, ಪಕ್ಕದಲ್ಲಿ ಬರೆದೆ: ನಂಬಲರ್ಹ. ಆ ನೋಟ್‌ಬುಕ್ಕಿನ ನೂರೆಂಬತ್ತು ಪುಟಗಳಲ್ಲಿ ಆ ಪದ ಇದ್ದದ್ದು ಅದೊಂದೇ ಕಡೆ. ಮುಂದಿನ ವರ್ಷವಿಡೀ ರೌಸ್ ಹಿಲ್‌ನಿಂದ ಪೆಂಡಲ್ ಹಿಲ್‌ವರೆಗೆ ಪ್ರತಿ ಪಂಕ್ತಿಯಲ್ಲೂ ನಾನು ಆಕೆಯನ್ನು ಹೊಗಳಿದೆ. ಈ ಜಗತ್ತಿನಲ್ಲಿ ಕಣ್ಣಿಗೂ ಬಾಯಿಗೂ ಸಂಬಂಧವಿರುವ ಏಕೈಕ ವ್ಯಕ್ತಿ ಎಂದೆ. ಆಕೆ ಏನು ಹೇಳಿದರೂ ವಿಚಾರಿಸದೆ ಒಪ್ಪುತ್ತೇನೆ ಎಂದೂ, ಪಾಯಸದ ಹುಮ್ಮಸ್ಸಿನಲ್ಲಿ, ಮೀಥೇನಿನ ಯುವಕನ ಮುಂದೆ ಹೇಳಿಬಿಟ್ಟೆ.

“ಪಕ್ಕಾನಾ, ಅಂಕಲ್?”

“ಪಕ್ಕಾ.”

ಮುಂದಿನ ಅಕ್ಟೋಬರು ಬಂತು. ಹುಣ್ಣಿಮೆಯ ಮರುದಿನ ನಾವು ಊಟಕ್ಕೆ ಕುಳಿತಿದ್ದಾಗ ಸ್ನೇಹಿತ ಫೋನು ಮಾಡಿದ. ಅವನ ದನಿ ಶೆಡ್ಡಿನ ಮೇಜಿನಿಂದ ಬರುವಂತೆ ಶಾಂತವಾಗಿತ್ತು.

“ಆಯ್, ಅಕ್ಕ ಚೆನ್ನಾಗಿದ್ದಾಳೆ. ನಿನಗೆ ತಿಳಿಸಲು ಹೇಳಿದಳು. ಮೂರು.”

“ಏನು ಮೂರು?”

“ಮೂರು ಎದ್ದವು.”

ನಾನು ಅನ್ನದ ಕೈಯಲ್ಲೇ ಎದ್ದು ನಿಂತೆ. ದೋಣಿಯ ದೀಪವಿರಬೇಕು ಎಂದೆ. ದೋಣಿಗಳು ಬೇರೆ ಇದ್ದವು, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದ. ಪಟಾಕಿ? ಹೊಗೆ, ಸದ್ದು ಇರಲಿಲ್ಲ. ಗಾಳಿಗೆ ವಾಲಿದವೇ?

“ನೀನು ಹೀಗೆ ಕೇಳುತ್ತೀ ಎಂದು ಆಕೆಗೆ ಗೊತ್ತಿತ್ತು. ‘ನೂಲು ಇರಲಿಲ್ಲ’ ಎಂದು ಹೇಳಲು ಹೇಳಿದ್ದಾಳೆ.”

ಕೈ ತೊಳೆದು ನೋಟ್‌ಬುಕ್ಕನ್ನು ತೆಗೆದೆ. ನಂಬಲರ್ಹ ಎಂಬ ಪದ ನೀಲಿ ಮಸಿಯಲ್ಲಿ, ನನ್ನದೇ ಅಕ್ಷರದಲ್ಲಿ, ಎರಡು ಬಾರಿ ಅಡಿಗೆರೆ ಎಳೆಸಿಕೊಂಡು ಕುಳಿತಿತ್ತು. ಅದನ್ನು ಹೊಡೆದುಹಾಕುವುದು ಸುಲಭವಿತ್ತು. ಒಂದೂ ಇಲ್ಲ ಎಂದಾಗ ಸತ್ಯವಂತೆ, ಮೂರು ಎಂದಾಗ ಭ್ರಮೆ ಹಿಡಿದ ಮುದುಕಿ. ಜೀವಮಾನವಿಡೀ ಬೇರೆಯವರು ಇದನ್ನು ಮಾಡಿದಾಗಲೆಲ್ಲ ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಿದ್ದೇನೆ. ‘ಕಂಡದ್ದು’ ಎಂಬಲ್ಲಿ ಮೂರು ಎಂದು ಬರೆದೆ. ‘ಕಾರಣ’ದ ಮುಂದೆ ಪೆನ್ನು ನಿಂತಿತು. ನೋಡುವವರ ಆಸೆ ಎಂದು ಹಿಂದೆ ಬರೆದದ್ದು ಹೋದ ವರ್ಷದ ಮಳೆಯಲ್ಲೇ ತೊಳೆದುಹೋಗಿತ್ತು. ಆಸೆಯಿಂದ ಕಾಣುವುದಾಗಿದ್ದರೆ ಆಗಲೇ ಕಾಣಬೇಕಿತ್ತು.

ಹೆಂಡತಿ ಮಜ್ಜಿಗೆಯ ಲೋಟ ಹಿಡಿದು ಹಿಂದೆ ಬಂದು ನಿಂತಳು.

“ಅಲ್ಲಿ ಖಾಲಿ ಬಿಟ್ಟಿದೀರಲ್ರೀ.”

“ಗೊತ್ತಿಲ್ಲ.”

“ಹಾಗಾದ್ರೆ ಗೊತ್ತಿಲ್ಲ ಅಂತ ಬರೀರಿ.”

ನಾಗರಾಜನನ್ನು ನಾನು ಇಂದಿಗೂ ಒಪ್ಪಿಲ್ಲ, ಆಟೋಮ್ಯಾಟಿಕ್ಕನ್ನೂ ಒಪ್ಪಿಲ್ಲ. ಆದರೆ ಅಂದು ಹೆಂಡತಿ ಹೇಳಿದ್ದನ್ನು ಬರೆದೆ. ಪೆನ್ಸಿಲಿನಲ್ಲಿ.